ಪಿಂಜಾರರ ಮನೆಯ ಕಿಟಕಿ

ದಸರೆ ಮುಗಿದಿತ್ತು. ಜಗಲಿಯ ಮೇಲಿನ ಬನ್ನಿ ಎಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಚಂದ್ರಾಮ ಅಡಿಗೆಮನೆಗೆ ಬಂದವನು, ಸುಮ್ಮನೆ ನಿಲ್ಲಲಾರದೆ, ಹಿತ್ತಲ ಓಣಿಯ ಕಡೆಗಿದ್ದ ಕಿಟಕಿಯ ಕದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ನಾದಿದ ಹಿಟ್ಟಿನೊಳಗೆ ಹೋದಂತೆ ಬೆರಳು ಕಟ್ಟಿಗೆಯೊಳಗೆ ಹೋಯಿತು.

“ಯವ್ವಾ, ಇಲ್ನೋಡು. ಇದಕ್ಕ ಖಿಡಕಿ ಅಂತಾರೇನು? ಹುಳದ ಊರೇ ಅದ ಇದರಾಗ.”

ಶರಣಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಗನ ಕಡೆ ತಲೆ ಎತ್ತಲಿಲ್ಲ. “ಕೈ ತಗಿ ಅದರ ಮ್ಯಾಲಿಂದ.”

“ಗೊಬ್ಬೂರಿನವ್ರು ಶಿವಕಾಂತಾನ ನೋಡಾಕ ಬರೋರದಾರ. ಬಂದ ಹೆಣ್ಮಕ್ಕಳು ಅಡಗಿಮನಿಗಿ ಬರ್ದೇ ಹೋಗ್ತಾರೇನು?”

“ಅವರು ಹುಡಿಗಿ ನೋಡಾಕ ಬರ್ತಾರ. ಖಿಡಕಿ ನೋಡಾಕಲ್ಲ.”

“ಖಿಡಕಿ ನೋಡೇ ಮನಿ ಎಂಥಾದು ಅಂತ ಅಳೀತಾರವ್ವ ಮಂದಿ.”

ಒಲೆ ಊದುತ್ತಿದ್ದ ಶಿವಕಾಂತಾ ಹೊಗೆಯೊಳಗಿಂದ ಮುಖ ತೆಗೆದಳು. “ನನ್ನ ಹೆಸರ ಮ್ಯಾಲ ನಿನ್ನ ಖಿಡಕಿ ಮಾಡಸ್ಕೋಬ್ಯಾಡ ಅಣ್ಣಾ. ನಿನಗ ಬೇಕಾಗ್ಯಾದ, ಬೇಕಂತ ಹೇಳು.”

“ನಿನ್ನ ಬಾಯಿ ನೋಡಿದ್ರ ಗೊಬ್ಬೂರಿನವ್ರು ಹಳ್ಳ ದಾಟಿ ಓಡ್ತಾರ.”

“ಓಡ್ಲಿ. ಜ್ವಾಳ ಉಳೀತಾವ.”

ಊಟಕ್ಕೆ ಬಂದ ಕಲ್ಯಾಣಪ್ಪ ಹೊಸ್ತಿಲಲ್ಲಿ ನಿಂತು ಕಾಲಿನ ಮಣ್ಣು ಕೆರೆಯುತ್ತ ಮಾತು ಕೇಳಿಸಿಕೊಂಡ. ಕಿಟಕಿಯ ಕಡೆ ನೋಡದೆಯೇ ಹೇಳಿದ: “ಕಲ್ಲ ಇಟ್ಟ ಮುಚ್ಚಿಬಿಡೋಣ. ಆ ಓಣ್ಯಾಗ ಏನದ ನೋಡೋದು?”

ಮೂಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಅವನ ತಾಯಿ ನಿಂಬೆವ್ವ ಮೊರ ಕೆಳಗಿಟ್ಟಳು. “ಮುಚ್ಚಬ್ಯಾಡ್ರಿ. ಕದ ಕಿತ್ತ ಒಗೀರಿ. ಬರೇ ಬಯಲಿರ್ಲಿ.”

“ಬೆಕ್ಕ ಬಂದ ಹಾಲ ಕುಡೀತಾವ ಆಯಿ,” ಎಂದ ಚಂದ್ರಾಮ.

“ಕುಡೀಲಿ.”

ಶರಣಬಸಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ಇದ್ದದ್ದು ಇದ್ದಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ.”

ಚಂದ್ರಾಮ ನಕ್ಕುಬಿಟ್ಟ. ಇಷ್ಟು ಸಣ್ಣ ಕಿಟಕಿಗೆ ಇಷ್ಟೊಂದು ತಕರಾರೇ? ಪಡಸಾಲೆಯ ಕಿಟಕಿಯನ್ನು ಹಿಂದಿನ ವಾರವಷ್ಟೇ ಬಡಿಗೇರ ಖಂಡಪ್ಪ ಕಿತ್ತು, ಬೇವಿನ ಕಟ್ಟಿಗೆಯ ಹೊಸದನ್ನು ಕೂಡಿಸಿ ಹೋಗಿದ್ದ. ಆಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅಡಿಗೆಮನೆಯ ಕಿಟಕಿಯ ಮಾತು ಬಂದರೆ ಮಾತ್ರ ಮನೆಯವರೆಲ್ಲರ ಮುಖ ಒಂದೊಂದು ಗೋಡೆಗೆ ತಿರುಗುತ್ತಿತ್ತು. ಯಾಕೆಂದು ಆ ಮನೆಯಲ್ಲಿ ಗೊತ್ತಿಲ್ಲದವನು ಅವನೊಬ್ಬನೇ.

ಆ ಓಣಿಯ ಆಚೆ ಪಿಂಜಾರರ ಇಮಾಮಸಾಬನ ಮನೆ. ಓಣಿ ಎಂದರೆ ಒಂದು ಎತ್ತು ಹೋಗುವಷ್ಟು ಅಗಲ. ಇವರ ಕಿಟಕಿಗೆ ನೇರ ಎದುರಿಗೆ ಅವರ ಕಿಟಕಿ; ಸೊಲ್ಲಾಪುರದ ಗಿರಣಿಯಲ್ಲಿ ದುಡಿದ ರೊಕ್ಕದಿಂದ ಇಮಾಮಸಾಬ ತರಿಸಿದ ಸಾಗವಾನಿಯದು. ಅವನ ಹೆಂಡತಿ ಪ್ಯಾರಿಬಿ ಮತ್ತು ಶರಣಬಸಮ್ಮ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಒಲೆಗೆ ಕೆಂಡ, ಮಜ್ಜಿಗೆ, ಒಂದು ಹಿಡಿ ಉಪ್ಪು, ಅತ್ತೆಯರ ಮೇಲಿನ ದೂರು ಎಲ್ಲವೂ ಆ ಎರಡು ಕಿಟಕಿಗಳ ನಡುವೆ ಕೈಯಿಂದ ಕೈಗೆ ದಾಟಿದ್ದವು. ನಿಜಾಮನ ಪರದ ರಜಾಕಾರರು ಆಳಂದದ ಕಡೆಯಿಂದ ಬಂದು ಊರಿನ ಹರೆಯದ ಹುಡುಗರನ್ನು ಹುಡುಕಿದ ಬೇಸಿಗೆಯಲ್ಲಿ, ಚಂದ್ರಾಮ ಒಂದು ಇಡೀ ಹಗಲು ಪ್ಯಾರಿಬಿಯ ಮನೆಯ ಅರಳೆಯ ರಾಶಿಯೊಳಗೆ ಉಸಿರು ಹಿಡಿದು ಮಲಗಿದ್ದ. ಇಮಾಮಸಾಬ ಹೊರಗೆ ಕೂತು ಅರಳೆ ಹಿಂಜುವ ಕಮಾನು ಮೀಟುತ್ತ, ಬಂದೂಕಿನವರಿಗೆ, “ಆ ಹುಡುಗ ಎಂದೋ ಗಡಿ ದಾಟಿ ಹೋದ ನೋಡ್ರಿ” ಎಂದಿದ್ದ. ಅದು ಅಂದಿಗೆ ಸುಳ್ಳಾಗಿತ್ತು; ಮರುದಿನ ಚಂದ್ರಾಮ ನಿಜವಾಗಿಯೂ ಗಡಿಯಾಚೆಯ ಹೋರಾಟಗಾರರ ಶಿಬಿರಕ್ಕೆ ಹೋಗಿ ಅದನ್ನು ಖರೆ ಮಾಡಿದ.

ಭಾದ್ರಪದದಲ್ಲಿ ಮಿಲಿಟರಿ ಬಂತು, ನಿಜಾಮನ ರಾಜ್ಯ ಮುಗಿಯಿತು ಎಂದರು. ಊರಲ್ಲಿ ಸಕ್ಕರೆ ಹಂಚಿದರು. ಅದರ ಬೆನ್ನಿಗೇ, ಎಲ್ಲಿಂದಲೋ ಬಂದ ಮಂದಿ, ಅವರ ಹಿಂದೆ ಇದೇ ಊರಿನ ಕೆಲವರು, ಕೊಡಲಿ ಹಿಡಿದು ಮುಸಲ್ಮಾನರ ಮನೆಗಳ ಮುಂದೆ ತಿರುಗಿದರು. ರಜಾಕಾರರು ಯಾವಾಗಲೋ ಓಡಿಹೋಗಿದ್ದರು. ಉಳಿದವರು ಅರಳೆ ಹಿಂಜುವವರು, ಬಳೆ ಮಾರುವವರು.

ಆ ರಾತ್ರಿ ಕಿಟಕಿಯ ಹೊರಗಿನಿಂದ ದನಿ ಬಂತು.

“ಶರಣವ್ವಾ.”

ಮನೆಯಲ್ಲಿ ಯಾರೂ ಮಲಗಿರಲಿಲ್ಲ. ದೀಪ ಆರಿಸಿ ಕೂತಿದ್ದರು. ಶರಣಬಸಮ್ಮ ಎದ್ದಳು. ನಿಂಬೆವ್ವ ಅವಳ ಕೈ ಹಿಡಿದಳು. ರಾತ್ರಿ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮೂರನೆಯ ಕರೆಗೆ ಓಗೊಡಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವವಾದರೆ ಎರಡೇ ಸಲ ಕರೆದು ಹೋಗುತ್ತದೆ. ನಿಂಬೆವ್ವ ಸೊಸೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಡೆದುಕೊಂಡು ಬಂದ ನೇಮ. ಮಕ್ಕಳಿಗೆ ಮಾತು ಬರುವ ಮೊದಲೇ ಅದನ್ನು ಕಲಿಸುತ್ತಿದ್ದರು.

“ಶರಣವ್ವಾ.”

ಎರಡನೆಯದು. ದನಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಕಲ್ಯಾಣಪ್ಪ ಹಿತ್ತಲ ಬಾಗಿಲಿನ ಅಗಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ತೆಗೆಯಲಿಕ್ಕೋ ಹಿಡಿಯಲಿಕ್ಕೋ ಅವನಿಗೇ ಗೊತ್ತು. ಎಲ್ಲರೂ ಮೂರನೆಯ ಕರೆಗಾಗಿ ಕಾದರು. ಅದು ಬರಲಿಲ್ಲ.

ಬೆಳಗಾದಾಗ ಎದುರಿನ ಮನೆಯ ಬಾಗಿಲು ತೆರೆದೇ ಇತ್ತು. ಇಮಾಮಸಾಬ ಹಳ್ಳದ ದಂಡೆಯಲ್ಲಿ ಸಿಕ್ಕ, ಮಣ್ಣಿಗೂ ನಾಲ್ಕೇ ಜನ ಬಂದರು. ಪ್ಯಾರಿಬಿ ಮತ್ತು ಅವಳ ಮಗಳು ವಜೀರುನ್ನಿಸಾ ಎಲ್ಲಿ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಎರಡು ದಿನದ ಮೇಲೆ ಶಿಬಿರದಿಂದ ಚಂದ್ರಾಮ ಬಂದ. ಎದುರು ಮನೆಯ ಕಡೆ ನೋಡಿ, “ಇವರೆಲ್ಲಿ?” ಎಂದು ಕೇಳಿದ. “ಹೋದ್ರು,” ಎಂದ ಕಲ್ಯಾಣಪ್ಪ. ಆ ಒಂದು ಮಾತಿನಲ್ಲೇ ಎಲ್ಲ ಮುಗಿಯಿತು. ಆಮೇಲೆ ಆ ಕರೆಯ ಬಗ್ಗೆ ಗಂಡ ಹೆಂಡತಿಗೆ ಹೇಳಲಿಲ್ಲ, ಅತ್ತೆ ಸೊಸೆಗೆ ಹೇಳಲಿಲ್ಲ.

ಆದರೆ ನಿಂಬೆವ್ವನ ನೇಮ ಮುರಿದುಬಿತ್ತು. ಮುದುಕಿ ಈಗ ಯಾರು ಕರೆದರೂ ಮೊದಲ ಕರೆಗೇ “ಓ” ಎನ್ನುತ್ತಿದ್ದಳು. ಓಣಿಯಲ್ಲಿ ಯಾರೋ ಯಾರನ್ನೋ ಕರೆದರೆ, “ಓ, ಬಂದೆ” ಎಂದು ಮೊರ ಬಿಟ್ಟು ಏಳುತ್ತಿದ್ದಳು. ಕೆಲವು ಸಲ ಯಾರೂ ಕರೆಯದಿದ್ದರೂ ಏಳುತ್ತಿದ್ದಳು. ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಕಿಟಕಿಯ ಕಡೆ ಕಿವಿ ಕೊಟ್ಟು, “ಓ” ಎನ್ನುವಳು. ರೊಟ್ಟಿ ಕೈಯಲ್ಲೇ ಆರುವುದು.

“ಯಾರಿಗಿ ಓ ಅನ್ನಾಕತ್ತೀ ಆಯಿ?” ಎಂದು ಚಂದ್ರಾಮ ಚೇಷ್ಟೆ ಮಾಡುತ್ತಿದ್ದ.

“ಪಿಂಜಾರರ ಕಮಾನು ಕೇಳಸ್ತದೋ. ಕೆಲಸಕ್ಕ ಕುಂತಾನ.”

“ಕಮಾನು ಎಲ್ಲದ? ಯಾವನೋ ಒಲಿಗಿ ಹಾಕಿರ್ತಾನ ಅದನ್ನ.”

ಆಗ ಶರಣಬಸಮ್ಮ ಸಾರಿನ ಸೌಟು ಗಡಿಗೆಗೆ ಬಡಿಯುತ್ತಿದ್ದಳು, ಮಾತು ಅಲ್ಲಿಗೆ ನಿಲ್ಲಲಿ ಎಂದು. ಆ ಕಮಾನಿನ ಟಂಯ್ ಟಂಯ್ ಸದ್ದು ಅವಳಿಗೂ ಕೇಳುತ್ತಿತ್ತು. ಬೀಸುವಾಗ ಕೇಳುತ್ತಿತ್ತು, ಬೀಸುಕಲ್ಲು ನಿಲ್ಲಿಸಿದರೆ ನಿಲ್ಲುತ್ತಿತ್ತು. ಹೀಗಾಗಿ ಅವಳು ನಿಲ್ಲಿಸಿ ನಿಲ್ಲಿಸಿ ಬೀಸುವುದನ್ನು ಕಲಿತಳು.

ದೀವಳಿಗೆಯ ಮುಂದೆ ಪಿಂಜಾರರ ಮನೆ ಖಾಲಿಯಾಗತೊಡಗಿತು. ಮೊದಲು ತಲೆಬಾಗಿಲು ಹೋಯಿತು. ಆಮೇಲೆ ಕಾಳು ತುಂಬುವ ಹಗೇವಿನ ಮೇಲಿನ ಕಲ್ಲು, ದನದ ಗೂಟ, ಮಾಳಿಗೆಯ ಎರಡು ಜಂತಿ. ಹಗಲಿನಲ್ಲೇ, ಮಾತಾಡುತ್ತ, ನಗುತ್ತ ಒಯ್ಯುತ್ತಿದ್ದರು. ಒಂದು ಮುಂಜಾನೆ ಶರಣಬಸಮ್ಮ ಬೆರಣಿ ತಟ್ಟಿ ಒಳಗೆ ಬರುತ್ತಿದ್ದಾಗ, ಅಂಗಳದ ಗೋಡೆಗೆ ಸಾಗವಾನಿ ಕಿಟಕಿಯೊಂದು ಚೌಕಟ್ಟು ಸಮೇತ ಒರಗಿ ನಿಂತಿತ್ತು. ಕಬ್ಬಿಣದ ಸರಳು, ಎಣ್ಣೆ ಕುಡಿದು ಕಪ್ಪಾದ ಕದ. ಕೆಳಗಿನ ಸರಳಿನ ಹತ್ತಿರ ಕಟ್ಟಿಗೆ ನುಣ್ಣಗಾಗಿತ್ತು. ಮಜ್ಜಿಗೆಯ ಚರಿಗೆ ಇಡುತ್ತಿದ್ದ ಜಾಗ ಅದು.

ಅವಳ ಕೈಯಲ್ಲಿ ಸಗಣಿ ಇತ್ತು. ತೊಳೆಯುವುದೂ ಮರೆಯಿತು.

“ಯಾರ ತಂದ್ರಿದು?”

“ನಾ ತಂದೆ,” ಎಂದ ಚಂದ್ರಾಮ. “ಗೌಡ್ರಿಗಿ ಒಂದ ಮಾತ ಕೇಳಿದೆ. ಒಯ್ಯಿ ಅಂದ್ರು. ನಾ ಬಿಟ್ರ ಸಂಜಿಕಿ ಇನ್ನೊಬ್ಬ ಒಯ್ತಾನ. ನೋಡು ಎಂಥಾ ಸಾಗವಾನಿ! ನಿನ್ನ ಹುಳದ ಊರಿನ ಜಾಗಾಕ ಅಳತಿ ಮಾಡಿದಂಗ ಅದ.”

“ತಿರುಗಿ ಒಯ್ಯಿ.”

“ಯಾಕ?”

“ಒಯ್ಯಿ ಅಂದ್ರ ಒಯ್ಯಿ.”

“ಕಾರಣ ಹೇಳಬೇ ಯವ್ವಾ.”

ಶರಣಬಸಮ್ಮ ಗಂಡನ ಕಡೆ ನೋಡಿದಳು. ಕಲ್ಯಾಣಪ್ಪ ಎತ್ತಿನ ಮೂಗುದಾಣ ಸರಿಮಾಡುವವನಂತೆ ಬಗ್ಗಿದ. ನಿನ್ನೆ ಮಗ ಕೇಳಿದಾಗ ‘ನಿನ್ನ ಮರ್ಜಿ’ ಎಂದವನು ಅವನೇ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

“ಅವರ ಮನಿಯಾಗ ಅಡಗಿದ್ದೆಲ್ಲಲೇ ನೀ,” ಎಂದಳು ಶರಣಬಸಮ್ಮ. “ಅಷ್ಟಾದ್ರೂ ನೆನಪಿರಬಾರದಾ?”

ಚಂದ್ರಾಮನ ಮುಖ ಕೆಂಪಾಯಿತು. “ನೆನಪದ. ಅವರಿದ್ರ ನಾ ಮುಟ್ತಿದ್ದೇನು? ಅವರ ಹೋಗ್ಯಾರ. ಇಮಾಮಸಾಬ ಮಣ್ಣಾದ, ಅವ್ವ ಮಗಳು ಹೇಳದೇ ಕೇಳದೇ ಹೋಗ್ಯಾರ. ನಮಗ ಒಂದ ಮಾತ ಹೇಳಿದ್ರ ನಮ್ಮಪ್ಪ ಮನಿಯಾಗ ಇಟ್ಕೋತಿದ್ದಿಲ್ಲೇನು? ಪಕ್ಕದ ಮನಿಯವ್ರ ಮ್ಯಾಲ ಅಷ್ಟೂ ನಂಬಿಗಿ ಇಲ್ಲದವ್ರಿಗಿ ನಾ ಏನ್ ಮಾಡ್ಲಿ?”

ಶಿವಕಾಂತಾ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಮನೆಯ ಹಂಡೆಯಲ್ಲಿ ನೀರು ತುಂಬಿಯೇ ಇತ್ತು.

ಬಡಿಗೇರ ಖಂಡಪ್ಪ ಬಂದು ಕಿಟಕಿಯ ಮೇಲೆ ಗೇಣು ಹಾಕಿ ನೋಡಿದ. ವರ್ಷಕ್ಕೊಮ್ಮೆ ಕೊಡುವ ಆಯದ ಕಾಳಿನ ಮೇಲೆ ಇನ್ನೆರಡು ಪಾಯಲಿ ಜೋಳ ಕೊಟ್ಟರೆ ಒಂದೇ ದಿನದಲ್ಲಿ ಕೂಡಿಸುತ್ತೇನೆಂದ. “ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತದ ನೋಡ್ರಿ. ಊರಾಗ ಮಂದಿ ಬರೇ ಬಾಗಿಲಾ ಒಯ್ದಾರ. ನಿಮ್ಮ ಹುಡುಗ ಶಾಣ್ಯಾ.”

“ಹಬ್ಬ ಆಗ್ಲಿ,” ಎಂದಳು ಶರಣಬಸಮ್ಮ.

ಹಬ್ಬ ಆಯಿತು. “ತೊಗರಿ ಹೂ ಬಿಡ್ಲಿ,” ಎಂದಳು. ತೊಗರಿ ಹೂ ಬಿಟ್ಟಿತು. “ಹಿಂಗಾರಿ ಜ್ವಾಳದ ಎಡಿ ಹೊಡಿಯೋದು ಮುಗೀಲಿ,” ಎಂದಳು. ಕಿಟಕಿ ಅಂಗಳದಲ್ಲೇ ಒರಗಿಕೊಂಡಿತ್ತು. ಕೋಳಿಗಳು ಅದರ ಸರಳಿನೊಳಗೆ ಆಚೆ ಈಚೆ ಹಾಯುತ್ತಿದ್ದವು. ಎದುರಿನ ಗೋಡೆಯಲ್ಲಿ ಅದು ಇದ್ದ ಜಾಗ ಬಾಯಿ ತೆರೆದು ನಿಂತಿತ್ತು. ಶರಣಬಸಮ್ಮ ತನ್ನ ಹುಳ ಹಿಡಿದ ಕದ ಮುಚ್ಚಿಯೇ ಅಡಿಗೆ ಮಾಡುತ್ತಿದ್ದಳು. ಹೊಗೆಗೆ ಕಣ್ಣು ಉರಿದರೂ ತೆರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಚಂದ್ರಾಮನ ತಾಳ್ಮೆ ಹರಿಯಿತು. “ನಾಳಿಗಿ ಖಂಡಪ್ಪಗ ಬಾ ಅಂದೇನಿ. ಗೊಬ್ಬೂರಿನವ್ರು ಎಂಟ ದಿನದಾಗ ಬರ್ತಾರ.”

“ಈಗ ಬ್ಯಾಡ.”

“ಯಾವಾಗ ಹಂಗಾದ್ರ? ಮುಹೂರ್ತ ಹೇಳು. ಅಯ್ನೋರನ್ನ ಕರಸ್ಲೇನು?”

“ಬ್ಯಾಡಂದೆ.”

“ಏನವ್ವ ನಿಂದು! ಅಪ್ಪ ಮುಚ್ಚು ಅಂತಾನ, ಆಯಿ ಕಿತ್ತ ಒಗಿ ಅಂತಾಳ, ನೀ ಮುಟ್ಟಬ್ಯಾಡ ಅಂತೀ. ಈ ಮನಿಯಾಗ ಎಲ್ಲಾರಿಗೂ ಏನ್ ಬಡದದ?”

“ಓ,” ಎಂದಳು ನಿಂಬೆವ್ವ.

“ನಿನ್ನ ಯಾರೂ ಕರದಿಲ್ಲಾಯಿ! ಸುಮ್ಮ ಉಣ್ಣು.”

ಮುದುಕಿ ಅವನ ಮುಖ ನೋಡಿದಳು. ಬಹಳ ದಿನದ ಮೇಲೆ ಅವಳ ಕಣ್ಣು ನೆಟ್ಟಗೆ ನಿಂತವು. “ಕರದಿದ್ಲೋ,” ಎಂದಳು. “ಎರಡ ಸಲ ಕರದ್ಲು. ಇಲ್ಲೇ, ಈ ಖಿಡಕಿ ಹೊರಗ ನಿಂತು. ನಿಮ್ಮವ್ವ ಏಳಾಕತ್ತಿದ್ಲು. ನಾ ಕೈ ಹಿಡದೆ. ಮೂರನೇದಕ್ಕ ತಗೀಬೇಕಂತ ಮಾಡಿದ್ವಿ.”

ಚಂದ್ರಾಮನ ಬಾಯಲ್ಲಿ ತುತ್ತು ಇತ್ತು. ಅಗಿಯಲಿಲ್ಲ. ತಂದೆಯ ಕಡೆ ನೋಡಿದ. ಕಲ್ಯಾಣಪ್ಪ ತಾಟಿನಲ್ಲಿ ರೊಟ್ಟಿಯನ್ನು ಸಣ್ಣ ಸಣ್ಣಗೆ ಮುರಿಯುತ್ತಿದ್ದ, ಹಕ್ಕಿಗೆ ಹಾಕುವವರಂತೆ. ತಂಗಿಯ ಕಡೆ ನೋಡಿದ.

“ನೀನೂ ಕೇಳಿದ್ದೇನಬೇ?”

ಶಿವಕಾಂತಾ ಹೌದೆಂದು ತಲೆ ಅಲ್ಲಾಡಿಸಿದಳು.

“ನಾ ಹೋಗಿ ಅವರ ಖಿಡಕಿನೇ…” ಎಂದು ಚಂದ್ರಾಮ ಶುರುಮಾಡಿ ನಿಲ್ಲಿಸಿದ. ಅರ್ಧ ಊಟದಲ್ಲಿ ಎದ್ದು ಕೈ ತೊಳೆದ. ಅಂಗಳಕ್ಕೆ ಹೋಗಿ ಆ ಕಿಟಕಿಯ ಎದುರು ನಿಂತ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಬೆನ್ನ ಮೇಲೆ ಹೊತ್ತುಕೊಂಡ. ಇಬ್ಬರು ಹೊರುವ ಭಾರ. “ತಡೀ, ನಾ ಬರ್ತೇನಿ,” ಎಂದು ಕಲ್ಯಾಣಪ್ಪ ಎದ್ದರೆ, “ಬ್ಯಾಡ, ನೀ ಉಣ್ಣು” ಎಂದ. ಆ ಮಾತಿನ ಪೆಟ್ಟಿಗೆ ಕಲ್ಯಾಣಪ್ಪ ಕೂತಲ್ಲೇ ಕೂತ.

ಶರಣಬಸಮ್ಮ ಹೋದಳು. ತಾಯಿ ಮಗ ಸೇರಿ ಚೌಕಟ್ಟನ್ನು ಎದುರು ಗೋಡೆಯ ಬಾಯಿಗೆ ಎತ್ತಿದರು. ಅವಳು ಮಣ್ಣು ಕಲಸಿದಳು, ಅವನು ಸಂದಿಗೆ ಕಲ್ಲುಚೂರು ಬಡಿದ. ಖಂಡಪ್ಪನನ್ನು ಕರೆಯಲಿಲ್ಲ. ಬಾಗಿಲಿಲ್ಲದ, ಅರ್ಧ ಮಾಳಿಗೆ ಹೋದ ಮನೆಗೆ ಕಿಟಕಿಯೊಂದು ಮತ್ತೆ ಬಂತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

“ಏನ್ರೀ ಕಲ್ಯಾಣಪ್ಪನೋರ ಮನಿಯವ್ರ, ಪಿಂಜಾರಗ ಮನಿ ಕಟ್ಟಾಕತ್ತೀರೇನು? ಬಾಗಿಲಾನೂ ಹಚ್ರಿ ಅಷ್ಟ!”

“ಬಾಗಿಲಾ ನಿಮ್ಮ ಕೊಟ್ಟಿಗ್ಯಾಗ ಅದಲ್ರೀ,” ಎಂದಳು ಶರಣಬಸಮ್ಮ. “ಕೊಡ್ರಿ, ಹಚ್ತೇನಿ.”

ಹೋಗುವವನು ಹೋದ. ಆ ಮಾತು ಮಾತ್ರ ಅವನಿಗಿಂತ ಮೊದಲು ಊರೆಲ್ಲ ತಿರುಗಿ ಬಂತು.

ಗೊಬ್ಬೂರಿನವರು ಬಂದರು. ಹುಡುಗಿ ಚಲೋ ಇದ್ದಾಳೆ, ಹೋಳಿಗೆ ಚಲೋ ಆಗಿದೆ ಎಂದರು. ಹುಡುಗನ ಸೋದರತ್ತೆ ಅಡಿಗೆಮನೆಗೆ ಬಂದು, ಶರಣಬಸಮ್ಮ ಕಿಟಕಿಗೆ ಕಟ್ಟಿದ್ದ ಹಳೆಬಟ್ಟೆಯ ಕೌದಿಯನ್ನು ಒಂದು ಬೆರಳಿನಿಂದ ಸರಿಸಿ, ಹುಳ ಹಿಡಿದ ಕದದ ಸಂದಿಯಿಂದ ಹೊರಗೆ ನೋಡಿದಳು. “ನಿಮ್ಮ ಖಿಡಕಿಗಿ ಕೌದಿ, ಎದುರು ಹಾಳಬಿದ್ದ ಮನಿಗಿ ಸಾಗವಾನಿ! ಇದೆಂಥಾ ಊರ್ರೀ ಯವ್ವಾ?” ಎಂದು ನಕ್ಕಳು. ಹೋಗುವಾಗ, ಸಂಕ್ರಾಂತಿ ಆದಮೇಲೆ ಹೇಳಿ ಕಳಿಸುತ್ತೇವೆ ಎಂದರು.

“ಆತು. ಹೇಳಿ ಕಳಸೋದ್ ಅಂದ್ರ ಮುಗೀತು,” ಎಂದ ಕಲ್ಯಾಣಪ್ಪ ರಾತ್ರಿಯ ಊಟಕ್ಕೆ ಕೂತಾಗ.

“ಮುಗೀಲಿ ಬಿಡಪ್ಪ,” ಎಂದಳು ಶಿವಕಾಂತಾ. “ಆ ಅತ್ತಿ ಕೈಯಾಗ ನಾ ಏಗತಿದ್ದಿಲ್ಲ.” ಎಲ್ಲರೂ ನಗಲಿ ಎಂದು ಹೇಳಿದ್ದಳು. ಅವಳ ದನಿಯೇ ಒಡೆಯಿತು.

ಎಳ್ಳಮಾವಾಸ್ಯೆಗೆ ನಾಲ್ಕಾರು ದಿನ ಇದ್ದಾಗ ಪ್ಯಾರಿಬಿ ಬಂದಳು.

ಬಾಡಿಗೆ ಬಂಡಿಯಲ್ಲಿ, ಜೇವರ್ಗಿಯ ತಮ್ಮನನ್ನು ಜೊತೆಗೆ ಕರೆದುಕೊಂಡು, ಹಗಲು ಹನ್ನೆರಡಕ್ಕೆ ಬಂದಳು. ತನ್ನ ಮನೆಯ ಮುಂದೆ ಇಳಿದಳು. ಬಾಗಿಲಿಲ್ಲದ ಹೊಸ್ತಿಲು ದಾಟಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಆಮೇಲೆ ಇವರ ತಲೆಬಾಗಿಲಿಗೆ ಬಂದು ನಿಂತಳು. ಬಹಳ ಬಡವಾಗಿದ್ದಳು.

“ಬಾ,” ಎಂದಳು ಶರಣಬಸಮ್ಮ. ಚಾಪೆ ಹಾಸಿದಳು. ಶಿವಕಾಂತಾ ನೀರು ಕೊಟ್ಟು, “ವಜೀರಾ?” ಎಂದು ಕೇಳಿದಳು.

“ಅದಾಳ. ಜೇವರ್ಗ್ಯಾಗ, ನಮ್ಮ ತಮ್ಮನ ಮನಿಯಾಗ. ಈಗ ಊಟ ಮಾಡ್ತಾಳ. ಮೊದಲ ಮಾಡ್ತಿದ್ದಿಲ್ಲ.”

ಶರಣಬಸಮ್ಮ ರೊಟ್ಟಿ, ಪುಂಡಿಪಲ್ಯ, ಮೊಸರು ತಂದಿಟ್ಟಳು. ಪ್ಯಾರಿಬಿ ಉಂಡಳು. ಉಣ್ಣುತ್ತ, ಮನೆ ಮಾರಲಿಕ್ಕೆ ಬಂದಿದ್ದೇನೆಂದಳು. ಗೌಡರು ದನದ ಕೊಟ್ಟಿಗೆ ಮಾಡಲಿಕ್ಕೆ ಆ ಜಾಗ ಕೇಳಿದ್ದಾರೆ. ಕೊಟ್ಟಷ್ಟಕ್ಕೆ ಕೊಡುವುದು.

“ತಿರುಗಿ ಬರೂದಿಲ್ಲೇನವ್ವ?” ಎಂದ ಕಲ್ಯಾಣಪ್ಪ.

“ಯಾರ ಮನಿಗಿ ಬರ್ಲೆಣ್ಣಾ?”

ಪ್ಯಾರಿಬಿ ರೊಟ್ಟಿಯ ಕೊನೆಯ ತುಂಡಿನಿಂದ ತಾಟು ಒರೆಸಿದಳು. ಇಷ್ಟು ದಿನ ಎಲ್ಲಿಯೋ ಇಟ್ಟುಕೊಂಡಿದ್ದ ಮಾತನ್ನು ಹೊಲದ ಮಾತಿನಂತೆ ತೆಗೆದಳು.

“ಆವತ್ತ ನಾ ಬಂದಿದ್ದೆ. ಹಿತ್ತಲ ಓಣ್ಯಾಗ ನಿಂತು ಎರಡ ಸಲ ಕರದೆ. ನಿಮ್ಮ ಪದ್ಧತಿ ಗೊತ್ತದಲ್ಲ, ಮೂರನೇದೂ ಕರೀಬೇಕು ಅನ್ನೂದ್ರಾಗ ಓಣಿ ತುದಿಗಿ ಮಂದಿ ಬಂದ್ರು. ವಜೀರಾ ನನ್ನ ಬಾಯಿ ಒತ್ತಿ ಹಿಡದ್ಲು. ಜ್ವಾಳದ ಹೊಲದಾಗ ಬಿದ್ದು ಹೋದ್ವಿ.” ಅವಳು ತಲೆ ಎತ್ತಿ ಶರಣಬಸಮ್ಮನನ್ನು ನೋಡಿದಳು. “ನೀವ್ ಆವತ್ತ ಊರಾಗ ಇದ್ದಿಲ್ಲ ಕಾಣ್ತದ.”

“ಹೌದವ್ವ,” ಎಂದ ಕಲ್ಯಾಣಪ್ಪ ಒಮ್ಮೆಲೇ. “ಕಡಗಂಚಿಗಿ ಹೋಗಿದ್ವಿ. ಎಲ್ಲಾರೂ. ಮನಿಗಿ ಕೀಲಿ ಹಾಕಿ ಹೋಗಿದ್ವಿ.”

“ಹಂಗೇ ಅಂದ್ಕೊಂಡೆ ನಾನೂ.”

ಚಂದ್ರಾಮ ಎದ್ದು ಹೊರಗೆ ಹೋದ. ನಿಂಬೆವ್ವ ಕೂತಲ್ಲಿಂದಲೇ ನೆಲದ ಮೇಲೆ ಕೈಯೂರಿ ಮುಂದಕ್ಕೆ ಸರಿದು ಬಂದಳು. “ಪ್ಯಾರೀ, ನಾನವ್ವ ಆವತ್ತ…”

“ಅತ್ತಿ,” ಪ್ಯಾರಿಬಿ ಮುದುಕಿಯ ಸೆರಗು ತಲೆಗೆ ಎಳೆದು ಸರಿಮಾಡಿದಳು. “ಎಷ್ಟ್ ಬಡವಾಗೀರಿ. ಊಟ ಸರಿ ಮಾಡ್ರಿ.”

ಏಳುವಾಗ ಪ್ಯಾರಿಬಿ ಕಿಟಕಿಯ ಮಾತು ತೆಗೆದಳು. ಖಂಡಪ್ಪ ದಾರಿಯಲ್ಲೇ ಸಿಕ್ಕು ಎಲ್ಲ ಹೇಳಿದ್ದನಂತೆ, ಒಯ್ದದ್ದು, ತಿರುಗಿ ಇಟ್ಟದ್ದು. “ಅದನ್ನ ನೀನೇ ತಗೋ ಶರಣವ್ವ. ಗೌಡ್ರು ದನದ ಕೊಟ್ಟಿಗಿಗಿ ಸಾಗವಾನಿ ಖಿಡಕಿ ತಗೊಂಡು ಏನ್ ಮಾಡ್ತಾರ? ನಿನ್ನ ಅಡಗಿಮನಿಗಿ ಹಚ್ಚು.”

“ನನಗ ಬ್ಯಾಡ ಪ್ಯಾರೀ.”

“ಬ್ಯಾಡ ಅನಬ್ಯಾಡ. ರೊಕ್ಕ ಕೊಟ್ರ ತಗೊಳ್ಳೂದಿಲ್ಲ. ನಮ್ಮ ಮನಿಯವ್ರು ಬಾಳ ಹೌಸಿಯಿಂದ ತಂದಿದ್ರು. ಗುರ್ತಿನವ್ರ ಮನಿಯಾಗ ಇರ್ಲಿ.”

ಬಂಡಿ ಹೋಯಿತು. ಹೋಗುವವರನ್ನು ಬಿಟ್ಟು ಬರಲಿಕ್ಕೆ ಹಳ್ಳದವರೆಗೆ ಹೋಗುವುದು ಆ ಊರಿನ ರೂಢಿ. ಶರಣಬಸಮ್ಮ ಓಣಿಯ ತಿರುವಿನವರೆಗೆ ಹೋದಳು. ಅಲ್ಲಿಂದಲೇ ತಿರುಗಿದಳು.

ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿ ಹೊಲದಲ್ಲೇ ಉಂಡು ಬಂದ ಮರುದಿನ ಖಂಡಪ್ಪ ಬಂದ. ಹುಳ ಹಿಡಿದ ಚೌಕಟ್ಟು ಒಂದೇ ಎಳೆತಕ್ಕೆ ಪುಡಿಪುಡಿಯಾಗಿ ಬಂತು. ಎದುರು ಗೋಡೆಯಿಂದ ಬಿಡಿಸಿ ತಂದ ಸಾಗವಾನಿಯದನ್ನು ಚಂದ್ರಾಮ ಎತ್ತಿ ಹಿಡಿದ. ಕಲ್ಯಾಣಪ್ಪ ಗೋಡೆಯ ಬಾಯಿ ಸವರಿದ. ಖಂಡಪ್ಪ ಚೌಕಟ್ಟಿನ ಒಳಮುಖ ಹೊರಮುಖ ನೋಡಿ, “ಕದ ಮತ್ತ ಚಿಲಕ ನಿಮ್ಮ ಒಲಿ ಕಡಿಗಿ ಬರ್ತಾವ್ರಿ. ಕುಂದ್ರಸ್ಲೇನು?” ಎಂದ.

“ಹೊರಗ ಬರ್ಲಿ,” ಎಂದಳು ಶರಣಬಸಮ್ಮ.

“ಏನಂದ್ರಿ?”

“ತಿರುವಿ ಕುಂದ್ರಸು. ಕದ ಓಣಿ ಕಡಿಗಿ ತಗೀಲಿ. ಚಿಲಕ ಹೊರಗಿರ್ಲಿ.”

ಖಂಡಪ್ಪ ಉಳಿ ಕೆಳಗಿಟ್ಟು ನಕ್ಕ. “ಯವ್ವಾ, ಚಿಲಕ ಒಳಗಿರಬೇಕ್ರಿ. ಹೊರಗಿಟ್ರ ಹಾದೀಲಿ ಹೋಗವ್ರು ತಗೀತಾರ.”

“ತಗೀಲಿ.”

“ತಲಿ ಕೆಟ್ಟದೇನು ನಿನಗ?” ಕಲ್ಯಾಣಪ್ಪನ ದನಿ ಏರಿತು. “ಗೊಬ್ಬೂರಿನವ್ರು ನಕ್ಕ ಹೋದ್ರು. ಇನ್ನ ಊರೆಲ್ಲಾ ನಗ್ಲಿ ಅಂತೇನು? ನಾವ್ ಒಳಗಿಂದ ಹಾಕ್ಕೋಳೋದು ಹ್ಯಾಂಗ?”

“ಒಳಗಿಂದ ಹಾಕ್ಕೊಂಡದ್ದು ಸಾಕಾಗ್ಯಾದ್ರಿ ನಮಗ.”

ಮದುವೆಯಾದಾಗಿನಿಂದ ಅವಳು ಗಂಡನಿಗೆ ಆ ದನಿಯಲ್ಲಿ ಮಾತಾಡಿರಲಿಲ್ಲ. ಕಲ್ಯಾಣಪ್ಪ ಮಗನ ಕಡೆ ನೋಡಿದ. ಚಂದ್ರಾಮ ಚೌಕಟ್ಟನ್ನು ಎದೆಗೆ ಒತ್ತಿ ಹಿಡಿದು, ಕಾಲು ಬದಲಿಸಿ, ಒಳಮುಖವನ್ನು ಓಣಿಗೆ ತಿರುಗಿಸಿದ.

“ನಿಮ್ಮ ಮನಿ, ನಿಮ್ಮ ಮರ್ಜಿ,” ಎಂದು ಖಂಡಪ್ಪ ಗೂಟ ಬಡಿಯತೊಡಗಿದ.

ಅಂದು ಸಂಜೆ ಶರಣಬಸಮ್ಮನೇ ಓಣಿಗೆ ಹೋಗಿ ಕದ ಹಾಕಿದಳು. ಬೆಳಿಗ್ಗೆ ಒಳಗೆ ಕತ್ತಲೆ; ಒಲೆಗೆ ಬೆಳಕು ಬೇಕೆಂದರೆ ಮತ್ತೆ ಹಿತ್ತಲ ಬಾಗಿಲು ದಾಟಿ, ಗೋಡೆಯ ಗುಂಟ ನಾಲ್ಕು ಹೆಜ್ಜೆ ಹೋಗಿ, ಹೊರಗೆ ನಿಂತು ತೆಗೆಯಬೇಕು. ಹೋದಳು. ಇಪ್ಪತ್ತು ಇಪ್ಪತ್ತೈದು ವರ್ಷ ಆ ಕಿಟಕಿಯ ಒಳಗೇ ನಿಂತವಳು. ಹೊರಗೆ, ಪ್ಯಾರಿಬಿ ನಿಂತಲ್ಲಿ, ಎಂದೂ ನಿಂತಿರಲಿಲ್ಲ. ಬೆನ್ನ ಹಿಂದೆ ಗೌಡರ ಆಳುಗಳು ಪಿಂಜಾರರ ಗೋಡೆ ಕೆಡವಿದ ಮಣ್ಣು.

ಚಿಲಕದ ಮೇಲೆ ಕೈ ಇಟ್ಟಳು. ಹೊಸದಾಗಿ ಕೂಡಿಸಿದ ಚೌಕಟ್ಟು, ಬಿಗಿ ಕದ, ಸಂದಿಯೇ ಇಲ್ಲ. ಆದರೂ ಒಳಗೆ ಅತ್ತೆ ಚಾಪೆಯ ಮೇಲೆ ಮಗ್ಗಲು ಬದಲಿಸಿದ್ದು ಕೇಳಿಸಿತು. ಶಿವಕಾಂತಾಳ ಬಳೆ ಕೇಳಿಸಿತು. ಗಂಡ ಹಿತ್ತಲ ಬಾಗಿಲ ಹತ್ತಿರ ಗಂಟಲು ಸರಿಮಾಡಿಕೊಂಡದ್ದು, ಕೊಡದ ಮೇಲಿನ ಚರಿಗೆ ಅಲುಗಿದ್ದು, ಯಾರೋ ಮೆಲ್ಲಗೆ ಉಸಿರು ಬಿಟ್ಟದ್ದು, ಎಲ್ಲವೂ ಕಿವಿಯ ಹತ್ತಿರವೇ ನಡೆದಂತೆ ಕೇಳಿಸಿತು.

ಇಲ್ಲಿ ನಿಂತವರಿಗೆ ಎಲ್ಲ ಕೇಳುತ್ತದೆ.

ಶರಣಬಸಮ್ಮ ಚಿಲಕ ತೆಗೆಯದೆ ಹಾಗೆಯೇ ನಿಂತಳು. ಒಳಗಿನಿಂದ ಶಿವಕಾಂತಾ, “ಯವ್ವಾ, ಹೊರಗ ನೀನೇ ಏನು?” ಎಂದಳು.